ಮಾಡಿಗೆ ಮುಟ್ಟದ ಗೋಡೆ

ಅಕ್ಕೋರ ಎಡಗಾಲಿನ ಚಪ್ಪಲಿ ಯಾವಾಗಲೂ ಬಲಗಾಲಿನದಕ್ಕಿಂತ ಮೊದಲೇ ಸವೆಯುತ್ತಿತ್ತು. ಅದೂ ಹಿಮ್ಮಡಿಯ ಹೊರ ಅಂಚು ಮಾತ್ರ, ಯಾರೋ ಅರದಿಂದ ಉಜ್ಜಿದ ಹಾಗೆ ಓರೆಯಾಗಿ. ಕಾರಣ ನಮಗೆಲ್ಲ ಗೊತ್ತಿತ್ತು. ತರಗತಿಯಲ್ಲಿ ಅವರು ಕರಿಹಲಗೆಯಿಂದ ಹಿಂದಿನ ಬೆಂಚಿನವರೆಗೆ ನಡೆದು, ಅಲ್ಲಿ ಎಡಗಾಲಿನ ಮೇಲೆ ಗಿರಕ್ಕನೆ ತಿರುಗಿ ಮತ್ತೆ ಕರಿಹಲಗೆಗೆ ಬರುತ್ತಿದ್ದರು. ಬೆಳಗಿನಿಂದ ಸಂಜೆಯ ಗಂಟೆಯವರೆಗೆ ಅದೇ ಓಡಾಟ. ಕೋಣೆಯಲ್ಲಿ ಕುರ್ಚಿಯೊಂದಿತ್ತು, ಅದರ ಮೇಲೆ ಅವರ ಕೊಡೆ ಕೂತಿರುತ್ತಿತ್ತು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅಂತಲೇ ಕರೆಯುವುದು. ಶಿರಸಿಯ ನಮ್ಮ ಶಾಲೆಯಲ್ಲಿ ನಾಲ್ಕಾರು ಅಕ್ಕೋರಿದ್ದರು. ಆದರೆ ಹೆಸರು ಹೇಳದೆ ಬರೀ ಅಕ್ಕೋರು ಎಂದರೆ ಗಣಿತ ಕಲಿಸುವ ಇವರೊಬ್ಬರೇ. ತೆಳ್ಳಗೆ, ಉದ್ದಕ್ಕೆ, ಸೆರಗನ್ನು ಸೊಂಟಕ್ಕೆ ಬಿಗಿದು, ಈಗಿಂದೀಗ ಎಲ್ಲಿಗೋ ಹೊರಟವರಂತೆ ಕಾಣುತ್ತಿದ್ದರು. ಯಾಕೆ ಕೂತುಕೊಳ್ಳುವುದಿಲ್ಲ ಎಂದು ಒಮ್ಮೆ ಯಾರೋ ಧೈರ್ಯ ಮಾಡಿ ಕೇಳಿದ್ದಕ್ಕೆ, "ಕೂತು ಹೇಳಿದ ಪಾಠ ಕೂತಲ್ಲೇ ಉಳೀತದೆ" ಎಂದಿದ್ದರು. ಲೆಕ್ಕ ಬಿಡಿಸಿ ತೋರಿಸಿದ ಮೇಲೆ ನಾವು ತಲೆಯಾಡಿಸಿದರೆ ಅಲ್ಲಿಗೆ ಬಿಡುತ್ತಿರಲಿಲ್ಲ. ಪಕ್ಕಕ್ಕೆ ಬಂದು ನಿಂತು, ಬೆಂಚಿನ ಮೇಲೆ ಬೆರಳಿನಿಂದ ಟಕಟಕ ಬಡಿಯುತ್ತ ಕೇಳುತ್ತಿದ್ದರು: "ಗೊತ್ತಾಯ್ತಾ, ಗೊತ್ತಾದ ಹಾಗೆ ಮಾಡ್ತಿದ್ದೀಯಾ?" ಆ ಪ್ರಶ್ನೆಗೆ ನಾನು ಇವತ್ತಿಗೂ ಹೆದರುತ್ತೇನೆ.

ಅವರು ನನ್ನ ಪಾಲಿಗೆ ಬರೀ ಗಣಿತದ ಅಕ್ಕೋರಾಗಿ ಉಳಿಯಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿದಾಗ, ಐಟಿಐಯಲ್ಲಿ ಮನೆ, ಕಟ್ಟಡಗಳ ನಕ್ಷೆ ಬರೆಯುವುದನ್ನು ಕಲಿಸುತ್ತಾರೆ, ಸೇರಿಕೊ ಎಂದು ಹೇಳಿದ್ದು ಅವರೇ. ಅಬ್ಬಾ ಒಪ್ಪಲಿಲ್ಲ. ಲಾರಿ ಓಡಿಸುತ್ತ ಊರೂರು ಸುತ್ತಿದವರು ಅವರು; ಊರೂರು ಕಂಡ ಕಾರಣಕ್ಕೇ ಮಗಳು ಮನೆಯಲ್ಲಿರಲಿ ಎನ್ನುವವರು. ಒಂದು ಮಧ್ಯಾಹ್ನ ಅಕ್ಕೋರು ಬಸ್‌ಸ್ಟ್ಯಾಂಡಿನ ಹಿಂದಿನ ನಮ್ಮ ಓಣಿಗೆ ನಡೆದುಕೊಂಡು ಬಂದರು. ಅಮ್ಮಿ ಕುರ್ಚಿ ಒರೆಸಿಟ್ಟಳು. ಕೂರಲಿಲ್ಲ. "ಕೂತ್ಕೊಳ್ಳಿ ಅಕ್ಕೋರೇ" ಎಂದು ಅಬ್ಬಾ ಹೇಳಿದಷ್ಟು ಸಲವೂ "ಇರ್ಲಿ, ಈಗ ಹೊರಟೆ" ಎನ್ನುತ್ತ, ನಮ್ಮ ಸಣ್ಣ ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಲೇ ಮಾತಾಡಿದರು. ಅಕ್ಕೋರು ನಿಂತಿರುವಾಗ ಅಬ್ಬಾ ಕೂರುವುದು ಹೇಗೆ? ಹುಬ್ಬಳ್ಳಿಯಿಂದ ಗಾಡಿ ಓಡಿಸಿಕೊಂಡು ಆಗಷ್ಟೇ ಬಂದಿದ್ದ ಮನುಷ್ಯ, ಆ ಕಾಲಿನಿಂದ ಈ ಕಾಲಿಗೆ ಭಾರ ಬದಲಿಸುತ್ತ ನಿಂತೇ ಇದ್ದರು. ಕೊನೆಗೆ "ಆಯ್ತು ಅಕ್ಕೋರೇ, ಕಳಿಸ್ತೇನೆ. ನೀವೊಮ್ಮೆ ಕೂತ್ಕೊಳ್ಳಿ" ಎಂದರು. ಅಕ್ಕೋರು ಕೂರದೆ ಹೊರಟುಹೋದರು. ನಾನು ಓದಿದ್ದು ಅಬ್ಬಾನ ಕಾಲುನೋವಿನಿಂದ ಎಂದು ಮನೆಯಲ್ಲಿ ಈಗಲೂ ನಗುತ್ತೇವೆ.

ಐಟಿಐ ಮುಗಿಸಿ ಶಿರಸಿಯಲ್ಲೇ ಒಬ್ಬ ಇಂಜಿನಿಯರರ ಕಚೇರಿ ಸೇರಿದೆ. ಅವರು ಹಾನಗಲ್ ಕಡೆಯವರು. ಸಿಟ್ಟೂ ಬೇಗ, ನಗುವೂ ಬೇಗ. ಮೊದಲ ಕೆಲವು ವರ್ಷ ದೊಡ್ಡ ಮೇಜಿನ ಮೇಲೆ ಟ್ರೇಸಿಂಗ್ ಪೇಪರು ಹಾಸಿ ಪೆನ್ನಿನಲ್ಲಿ ಗೆರೆ ಎಳೆದೆ. ಆಮೇಲೆ ಕಂಪ್ಯೂಟರು ಬಂತು. ಅದರ ಬೆನ್ನಿಗೇ, ಎರಡು ಸಾವಿರದ ಇಸವಿ ದಾಟಿದ ಮೇಲೆ, ಕಟ್ಟುವ ಮೊದಲೇ ಮನೆಯ ಒಳಗೆ ಹೊಕ್ಕು ನೋಡಿದ ಹಾಗೆ ತೋರಿಸುವ ಒಂದು ಪ್ರೋಗ್ರಾಮು ಬಂತು. ಗೋಡೆ ಎಳೆದರೆ ಗೋಡೆ, ಬಾಗಿಲು ಒತ್ತಿದರೆ ಬಾಗಿಲು. ಗಿರಾಕಿಗಳು ಸಿನಿಮಾಕ್ಕೆ ಬಂದ ಹಾಗೆ ಸಂಸಾರಸಮೇತ ಬಂದು ನನ್ನ ಹಿಂದೆ ನಿಲ್ಲುತ್ತಿದ್ದರು. ನನಗೂ ಜಂಬ ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಅಷ್ಟರಲ್ಲಿ ಅಕ್ಕೋರು ನಿವೃತ್ತರಾಗಿ ಸಿದ್ದಾಪುರ ತಾಲೂಕಿನಲ್ಲಿ, ಬಿಳಗಿಯಿಂದ ಸ್ವಲ್ಪ ಒಳಗೆ, ತಮ್ಮನ ಮನೆಗೆ ಹೋಗಿದ್ದರು. ಮದುವೆ ಆಗಿರಲಿಲ್ಲ. ಅಲ್ಲೂ ಒಂದು ಕಡೆ ನಿಂತವರಲ್ಲ. ಬೆಳಿಗ್ಗೆ ಬಿಳಗಿಯಲ್ಲಿ ಕಂಡರೆ ಸಂಜೆ ತ್ಯಾಗಲಿಯಲ್ಲಿ ಯಾರದೋ ಮಗುವಿಗೆ ಮಗ್ಗಿ ಕೇಳುತ್ತ ಸಿಗುತ್ತಿದ್ದರಂತೆ. ಒಂದು ದಿನ ಬೇಲಿಯ ದಣಪೆ ದಾಟಬೇಕಿತ್ತು. ಅಡ್ಡ ಹಾಕಿದ ಗಳುಗಳನ್ನು ಒಂದೊಂದಾಗಿ ಸರಿಸಿ, ದಾಟಿ, ಮತ್ತೆ ಹಾಕಬೇಕು. ಸರಿಸುವಷ್ಟು ಪುರಸೊತ್ತು ಅವರಿಗೆಲ್ಲಿ? ಮೇಲೆ ಹತ್ತಿ ದಾಟಲು ಹೋಗಿ ಬೆನ್ನಿನ ಮೇಲೆ ಬಿದ್ದರು. ಬೆನ್ನುಹುರಿಗೆ ಪೆಟ್ಟಾಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ದಿಂಬು ಕೊಟ್ಟು ಒರಗಿಸಿ ಕೂರಿಸಿದರೆ ನೋವು ತಡೆಯಲಾಗದೆ ಮತ್ತೆ ಮಲಗಬೇಕಾಗುತ್ತಿತ್ತು. ಇನ್ನು ಹೀಗೇ ಎಂದು ವೈದ್ಯರು ಅವರಿಗೇ ಹೇಳಿಬಿಟ್ಟಿದ್ದರು.

ಸುದ್ದಿ ಕೇಳಿ ನೋಡಲು ಹೋದೆ. ಮಂಚ, ಅದರ ಮೇಲೆ ಉದ್ದಕ್ಕೆ ಅವರು, ಮೇಲೆ ತಗ್ಗಾದ ಮರದ ಮುಚ್ಚಿಗೆ. ಹಳೆಯ ಮನೆಗಳಲ್ಲಿ ಮಾಡಿನ, ಅಂದರೆ ಹೆಂಚಿನ ಸೂರಿನ, ಕೆಳಗೆ ಹಲಗೆ ಹೊಡೆದು ಮಾಡುವ ಚಾವಣಿ ಅದು. ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಕಪ್ಪಾಗಿತ್ತು. ಅಕ್ಕೋರ ಕಾಲು ಸುಮ್ಮನಾಗಿತ್ತು, ಆದರೆ ಬಲಗೈಯ ಬೆರಳುಗಳು ಮಂಚದ ಪಟ್ಟಿಯ ಮೇಲೆ ಟಕಟಕ ಬಡಿಯುತ್ತಲೇ ಇದ್ದವು. ಆ ಜಾಗದಲ್ಲಿ ಬಣ್ಣ ಹೋಗಿ ಮರ ಕಾಣುತ್ತಿತ್ತು.

"ಬಾ ಕೂಸೇ" ಎಂದರು. ಶಾಲೆಯಲ್ಲಿ ಅವರದು ಶಾಲೆಯ ಕನ್ನಡ. ನಾನು ಎನ್ನಲು ಆನು, ನನಗೆ ಎನ್ನಲು ಎಂಗೆ ಎನ್ನುವ ಮನೆಮಾತು ಮನೆಯವರಿಗೆ ಮಾತ್ರ. ಬಿದ್ದ ಮೇಲೆ ನನ್ನೊಡನೆ ಮನೆಮಾತಿನಲ್ಲೇ ಆಡತೊಡಗಿದರು. ನನಗೆ ಅದೊಂದು ಬಡ್ತಿ ಅನ್ನಿಸಿತು.

"ಮೇಲೆ ನೋಡು. ಆ ಹಲಗೇಲಿ ಗಂಟು ಕಾಣ್ತಲಾ, ಎಲ್ಲದಕ್ಕೂ ಹೆಸರು ಇಟ್ಟಿದ್ದೆ. ಮೂಲೇಲಿ ಒಂದು ಸೊಟ್ಟ ಗಂಟು ಇದ್ದಲಾ, ಅದು ನೀನು. ದಿನಾ ಹಾಜರಿ ಕರೀತೆ. ಒಬ್ಬರಾದ್ರೂ 'ಯಸ್ ಅಕ್ಕೋರೇ' ಹೇಳ್ತ್ವಿಲ್ಲೆ."

ನಗಲು ಹೋದೆ, ಆಗಲಿಲ್ಲ. ಅವರೂ ನಗಲಿಲ್ಲ. ಆ ಮುಚ್ಚಿಗೆ ದಿನಕ್ಕಿಷ್ಟು ಕೆಳಗಿಳಿಯುತ್ತಿದೆ ಎಂದು ಅವರಿಗೆ ಅನ್ನಿಸತೊಡಗಿತ್ತು. ಇಳಿಯುವುದಿಲ್ಲ ಎಂದು ಗಣಿತದ ಅಕ್ಕೋರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದರೂ ಎದೆ ಹೊಡೆದುಕೊಳ್ಳುತ್ತಿತ್ತು.

ಅವರ ತಮ್ಮ ಮನೆಯ ದಕ್ಷಿಣದ ಗೋಡೆಗೆ ತಾಗಿಸಿ ಹೊಸ ಕೋಣೆಯೊಂದನ್ನು ಕಟ್ಟಿಸಲು ಹೊರಟರು. ಆಗ ಎಲ್ಲರೂ ಮಾಡಿಸುತ್ತಿದ್ದ ಹಾಗೆ ಓರೆ ಕಾಂಕ್ರೀಟು ಚಾವಣಿ, ಮೇಲೆ ಚೆಂದಕ್ಕೆ ಹೆಂಚು. ಮನೆಯ ಕಡೆ ಎತ್ತರ, ಹೊರಗಡೆಗೆ ಇಳಿಜಾರು. ಕೆಲಸ ನಮ್ಮ ಕಚೇರಿಗೇ ಬಂತು. ನಾನು ನಕ್ಷೆ ಬರೆದು ಒಯ್ದೆ. ಅಕ್ಕೋರು ಕಾಗದವನ್ನು ಮುಖದ ಮೇಲೆ ಹಿಡಿದು ಅತ್ತ ಇತ್ತ ತಿರುಗಿಸಿ, ಹೊಟ್ಟೆಯ ಮೇಲೆ ಬೀಳಿಸಿದರು.

"ಇದರಲ್ಲಿ ಎಲ್ಲಾ ಇದ್ದು. ಆನು ನೋಡೂದೊಂದೇ ಇಲ್ಲೆ."

"ಎಂತ ಅಕ್ಕೋರೇ?"

"ಮೇಲೆ." ಬೆರಳು ಮುಚ್ಚಿಗೆಯತ್ತ ಎತ್ತಿದರು. "ಮನೆ ಕಟ್ಟೂದೆಲ್ಲ ನಿಂತವಕ್ಕೆ. ಎಂಗೆ ಇನ್ನು ಸಾಯೂ ತನಕ ಕಾಣೂದು ಅದೊಂದೇ. ಕಾಂಕ್ರೀಟು ಹಾಕಿದ್ಮೇಲೆ ಅಳಿಸಲೆ ಬತ್ತಿಲ್ಲೆ. ಹಾಕೂ ಮೊದ್ಲೇ ಎಂಗೆ ನೋಡವು."

ಅದೇನು ಮಹಾ ಎಂದುಕೊಂಡೆ. ಕಂಪ್ಯೂಟರಿದೆಯಲ್ಲ!

ಕಚೇರಿಗೆ ಬಂದು ಕೂತೆ. ಪ್ರೋಗ್ರಾಮಿನಲ್ಲಿ ಕೋಣೆಯೊಳಗೆ ನಿಂತು ನೋಡುವುದು ನಿಂತ ಮನುಷ್ಯನ ಕಣ್ಣಿನ ಎತ್ತರದಿಂದ. ಅದನ್ನು ಮಂಚದ ಎತ್ತರಕ್ಕೆ ಇಳಿಸಿದೆ. ಮೇಲೆ ನೋಡಿದರೆ ಏನೂ ಇಲ್ಲ. ಚಾವಣಿಯನ್ನೇ ಅದು ತೆಗೆದಿಟ್ಟಿತ್ತು, ಮೇಲಿನಿಂದ ಇಣುಕುವವರಿಗೆ ಅಡ್ಡವಾಗದಿರಲಿ ಎಂದು. ಸರಿ, ಚಾವಣಿ ಹಾಕು ಎಂದೆ. ಡಬ್ಬಿಯ ಮುಚ್ಚಳದ ಹಾಗೆ ಸಪಾಟಾದ ಬಿಳಿ ಹಾಳೆಯೊಂದು ಬಂದು ಕೂತಿತು. ಒಂದು ಕೋಣೆಗೆ ಒಂದೇ ಎತ್ತರ. ಅದಕ್ಕೆ ಓರೆಯೆಂಬುದೇ ಗೊತ್ತಿಲ್ಲ. ಓರೆ ಮಾಡು ಬೇಕಾದರೆ ಬೇರೆಯಾಗಿ ಹಾಕಬಹುದಿತ್ತು, ಆದರೆ ಅದು ಆ ಮುಚ್ಚಳದ ಮೇಲೆ ಕೂರುತ್ತಿತ್ತು. ಒಳಗಿನಿಂದ ನೋಡಿದರೆ ಮತ್ತದೇ ಸಪಾಟು. ಅಂದರೆ ಅಕ್ಕೋರಿಗೆ ಇನ್ನೊಂದು ಮುಚ್ಚಿಗೆ!

ಮುಚ್ಚಳ ತೆಗೆದೆ. ಈಗ ಓರೆ ಮಾಡು ಕಂಡಿತು, ಗೋಡೆಗಳು ಕೈಕೊಟ್ಟವು. ಹೊರಗಡೆಯ ತಗ್ಗಿನ ಗೋಡೆ ಸರಿಯಾಗಿತ್ತು, ಎದುರಿನದು ಹಳೆಯ ಮನೆಯದೇ ಎತ್ತರದ ಗೋಡೆ. ಆದರೆ ಎಡಬಲದ ಎರಡು ಗೋಡೆಗಳು ತಗ್ಗಿನ ಎತ್ತರಕ್ಕೆ ನೆಟ್ಟಗೆ ನಿಂತುಬಿಟ್ಟವು, ಮಾಡು ಅವುಗಳನ್ನು ಬಿಟ್ಟು ಮೇಲೆ ಹೋಯಿತು. ಎರಡರ ನಡುವೆ ಉದ್ದನೆಯ ಮುಕ್ಕೋನದ ಸಂದು. ಗೋಡೆಯ ತಲೆಯನ್ನು ಓರೆಯಾಗಿ ಕತ್ತರಿಸಿ ಮಾಡಿಗೆ ಮುಟ್ಟಿಸಲು ಬರುತ್ತಿರಲಿಲ್ಲ. ಗೋಡೆಯನ್ನು ತುಂಡುತುಂಡು ಮಾಡಿ ಒಂದೊಂದಕ್ಕೆ ಒಂದೊಂದು ಎತ್ತರ ಕೊಟ್ಟೆ, ಮೆಟ್ಟಿಲಾಯಿತು. ಬೇರೆ ಏನೇನನ್ನೋ ತಂದು ಸಂದಿನಲ್ಲಿ ತುರುಕಿದೆ. ಕಂಪ್ಯೂಟರು ನಿಂತುಹೋಗಿ ಮಾಡಿದ್ದೆಲ್ಲ ಮಣ್ಣುಪಾಲಾಯಿತು. ಸೋಫಾದ ದಿಂಬಿನ ಮಡಿಕೆಯನ್ನೂ ತೋರಿಸುವ ಯಂತ್ರ, ಗೋಡೆಯಲ್ಲಿ ಬೆಂಕಿ ಕಾಯಿಸುವ ಒಲೆ ಬೇಕಾದರೆ ಹತ್ತು ನಮೂನೆ ಮುಂದಿಡುವ ಯಂತ್ರ, ಅದಕ್ಕೆ ನಮ್ಮೂರ ದನದ ಕೊಟ್ಟಿಗೆಯ ಮಾಡು ಬರುವುದಿಲ್ಲ. ಅದನ್ನೆತ್ತಿ ರಸ್ತೆಗೆ ಎಸೆಯಬೇಕು ಅನ್ನಿಸಿತು.

"ಬಿಡವಾ" ಎಂದರು ಇಂಜಿನಿಯರರು. "ಅದನ್ನ ಮಾಡಿದಾವ್ರ ಊರಾಗ ಎಲ್ಲಾರೂ ನೆಟ್ಟಗ ನಿಂತ ಅಡ್ಡಾಡ್ತಾರ ಕಾಣತೈತಿ."

ಅಕ್ಕೋರು ಬಿಡಬೇಕಲ್ಲ. ದಿನಾ ಕಚೇರಿಗೆ ಫೋನು. ಹಲೋ ಇಲ್ಲ, ಏನಿಲ್ಲ: "ಆತಾ?" ಅಲ್ಲಿ ಗೋಡೆ ಏರುತ್ತಿತ್ತು. ಮಳೆಗೆ ಮೊದಲು ಚಾವಣಿ ಮುಗಿಯಬೇಕಿತ್ತು, ಆ ವಾರವೇ ಗೌಂಡಿಗಳು ಪಕ್ಕದ ಗೋಡೆಗಳನ್ನು ಓರೆಯಾಗಿ ಏರಿಸಿ ಮುಗಿಸುವವರಿದ್ದರು. ಕಡೆಗೆ, ಇದ್ದದ್ದನ್ನೇ ತೋರಿಸಿ ಬಾಯಿಮಾತಿನಲ್ಲಿ ತಿದ್ದಿ ಹೇಳೋಣ ಎಂದು ಹೊರಟೆ. ಲ್ಯಾಪ್‌ಟಾಪು ಆಗ ನಮ್ಮಂಥವರ ಕೈಗೆ ಎಲ್ಲಿ ಬರಬೇಕು? ಅಣ್ಣನ, ಅಂದರೆ ಭಾಯಿಯ, ಟೆಂಪೋದಲ್ಲಿ ಕಂಪ್ಯೂಟರನ್ನೇ ಏರಿಸಿದೆ. ಡಬ್ಬ ಕಾಲಿನ ಸಂದಿಯಲ್ಲಿ, ದಪ್ಪ ಹೊಟ್ಟೆಯ ಮಾನಿಟರು ರಜಾಯಿ ಸುತ್ತಿಕೊಂಡು ನನ್ನ ತೊಡೆಯ ಮೇಲೆ. "ಗುಂಡಿ ನೋಡಿ ಬಿಡು" ಎಂದು ಸಿದ್ದಾಪುರದವರೆಗೂ ಭಾಯಿಯ ಜೀವ ತಿಂದೆ.

ಅಲ್ಲಿ ಹೋದ ಮೇಲೆ ಹೊಸ ತಾಪತ್ರಯ. ಮಂಚದ ಪಕ್ಕ ಸ್ಟೂಲು ಹಾಕಿ ಮಾನಿಟರು ಇಟ್ಟರೆ, ಅಕ್ಕೋರು ಮಲಗಿದಲ್ಲೇ ತಲೆ ಹೊರಳಿಸಿ ನೋಡಬೇಕು. ಅವರಿಗೆ ಕೋಣೆಯೆಲ್ಲ ಅಡ್ಡಡ್ಡ ಕಾಣುತ್ತಿತ್ತು.

"ಇದು ನೀ ನೋಡೂ ಹಂಗಿದ್ದು. ಎನ್ನ ಹಂಗೆ ಮಲಗ್ಸು ಅದ್ನ."

ಭಾಯಿ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಇಬ್ಬರೂ ಸೇರಿ ಮಾನಿಟರನ್ನು ಮಗ್ಗುಲಿಗೆ ಮಲಗಿಸಿ, ಆಚೀಚೆ ದಿಂಬು ಒತ್ತಿದೆವು. ಅಕ್ಕೋರ ತಮ್ಮನ ಹೆಂಡತಿ ಒಳಗಿನಿಂದ ಬಂದವರು ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಅಕ್ಕೋರ ತಲೆಯ ಪಕ್ಕ ಮೊಣಕಾಲೂರಿ ಕೂತು ಮೌಸ್ ತಿರುಗಿಸಿದೆ. ಪರದೆಯ ಮೇಲೆ ಓರೆ ಚಾವಣಿ ಮನೆಯ ಗೋಡೆಯ ಕಡೆಗೆ ಏರುತ್ತ ಹೋಯಿತು. ಎಡಕ್ಕೊಂದು ಬಲಕ್ಕೊಂದು ನೀಲಿ ಮುಕ್ಕೋನ.

ಅಕ್ಕೋರ ಬೆರಳು ನಿಂತಿತು. ಅದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅದೆಂತದು ನೀಲಿ?"

"ಅದು ತಪ್ಪು ಅಕ್ಕೋರೇ. ಇದರಲ್ಲಿ ಗೋಡೆ ಮಾಡಿಗೆ ಮುಟ್ಟೂದಿಲ್ಲ. ಹೇಗೆ ಮಾಡಿದ್ರೂ ಆಗ್ಲಿಲ್ಲ. ಕಟ್ಟುವಾಗ ಅದೆಲ್ಲ ಮುಚ್ತಾರೆ."

"ನೀಲಿ ಎಂತಕ್ಕೆ ಬಂತು ಕೇಳಿದ್ದು ಆನು."

"ಗೋಡೆ ಇಲ್ಲದ ಕಡೆ ಅದು ಆಕಾಶ ಹಾಕ್ತದೆ."

"ಮತ್ತೆ ತಪ್ಪೆಂತ ಬಂತು? ಗೋಡೆ ಇಲ್ಲದ್ದ ಕಡೆ ಆಕಾಶವೇ ಇಪ್ಪುದು." ಸ್ವಲ್ಪ ಹೊತ್ತು ನೋಡಿದರು. "ಮುಚ್ಚಡ."

"ಮುಚ್ಚಬಾರದಾ ಅಕ್ಕೋರೇ?" ಎಂದೆ. ಅವರ ಬೆರಳು ಮತ್ತೆ ಶುರುವಾಯಿತು, ಈ ಸಲ ಬೇಗ ಬೇಗ. ಎಡಗಡೆಯದು ಯಾವ ದಿಕ್ಕು, ಬಲಗಡೆಯದು ಯಾವುದು ಎಂದು ಕೇಳಿದರು. ಮಂಚದ ತಲೆ ಎಲ್ಲಿ ಎಂದು ನಾನು ಯೋಚಿಸುವಷ್ಟರಲ್ಲಿ ತಮ್ಮನ ಹೆಂಡತಿ, "ಉತ್ತರಕ್ಕೆ ತಲೆ ಹಾಕಿ ಮಲಗಲೆ ಆಗ್ತಿಲ್ಲೆ. ಅತ್ಗೆ ತಲೆ ದಕ್ಷಿಣಕ್ಕೇ" ಎಂದರು. ಹಾಗಾದರೆ ಚಾವಣಿ ತಗ್ಗಾಗಿರುವುದು ತಲೆಯ ಮೇಲೆ, ಏರುವುದು ಕಾಲಿನ ಕಡೆ. ಒಂದು ಸಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ.

"ಬೆಳಗಾತ ಆ ಬದಿಂದ ಬಿಸಿಲು ಬತ್ತು. ಸಾಯಂಕಾಲ ಈ ಬದಿಂದ. ನಡು ಮಧ್ಯಾಹ್ನ ಒಂದು ಊಟದ ರಜೆ." ಅಕ್ಕೋರ ಮುಖದಲ್ಲಿ ಕರಿಹಲಗೆಯ ಮುಂದಿನ ಹಳೆಯ ಅವಸರ ಬಂದಿತ್ತು. "ಕೋಣೇಲಿ ಎಂತಾದ್ರೂ ಓಡಾಡ್ತಾ ಇರವು ಕೂಸೇ. ಆನಂತೂ ಓಡಾಡ್ತ್ನಿಲ್ಲೆ."

ನನಗೆ ಅಳು ಬಂತು. ಅದಕ್ಕೆಲ್ಲ ಅವರಲ್ಲಿ ಸಮಯವಿರಲಿಲ್ಲ. ಇದು ಪರದೆಯ ಮೇಲಿನ ಮಾತಾಯಿತು, ನಿಜಕ್ಕೂ ಕಾಣುತ್ತದೆಯೋ ಇಲ್ಲವೋ? "ಎಂಗೆ ಗೊತ್ತಾತೋ, ಗೊತ್ತಾದಂಗೆ ಮಾಡ್ತಾ ಇದ್ನೋ" ಎಂದು ತಮ್ಮನ್ನೇ ಕೇಳಿಕೊಂಡು, ಹೋಗಿ ಮಂಚ ಬರುವ ಜಾಗದಲ್ಲಿ ಮಲಗಿ ನೋಡು ಎಂದು ನನ್ನನ್ನು ಅಟ್ಟಿದರು.

ಹೊಸ ಕೋಣೆ ಗೋಡೆಯ ಆಚೆಗೇ ಇತ್ತು. ಪಕ್ಕದ ಗೋಡೆಗಳು ಆ ಹೊತ್ತಿಗೆ ಸರಿಯಾಗಿ ಪ್ರೋಗ್ರಾಮಿನಲ್ಲಿ ನಿಂತಷ್ಟೇ ಎತ್ತರಕ್ಕೆ ನಿಂತಿದ್ದವು. ಗೌಂಡಿಗಳಿಗೆ ಹೇಳಿ, ಮಾಡಿನ ಓರೆಗೆ ಸರಿಯಾಗಿ ಎರಡು ಹಲಗೆಗಳನ್ನು ಮನೆಯ ಗೋಡೆಗೂ ತಗ್ಗಿನ ಗೋಡೆಗೂ ಅಡ್ಡ ಹಾಕಿಸಿದೆ. ಮರಳಿನ ಮೇಲೆ ಗೋಣಿಚೀಲ ಹಾಸಿ, ದಕ್ಷಿಣಕ್ಕೆ ತಲೆ ಮಾಡಿ ಮಲಗಿದೆ. ಗೌಂಡಿಗಳು ಕೆಲಸ ಬಿಟ್ಟು ಸುತ್ತ ನಿಂತರು.

ಗೋಡೆಯಾಚೆಯಿಂದ ಅಕ್ಕೋರ ಕೂಗು. "ಕಾಣ್ತಾ?"

"ಕಾಣ್ತದೆ ಅಕ್ಕೋರೇ!"

"ಎಂತ ಕಾಣ್ತು?"

"ಹಲಸಿನ ಮರದ ತುದಿ. ಒಂದು ಕಾಗೆ."

"ಕಾಗೆ ಎಂತ ಮಾಡ್ತು?"

"ಕೂತಿದೆ."

"ಏಳ್ಸು ಅದ್ನ!"

ಗೌಂಡಿಯೊಬ್ಬ ನಿಜವಾಗಿಯೂ ಕಲ್ಲು ಎತ್ತಿಕೊಂಡ. ಆ ಹೊತ್ತಿಗೆ ಸರಿಯಾಗಿ ಇಂಜಿನಿಯರರು ಬಂದು ಬಾಗಿಲಿನ ಜಾಗದಲ್ಲಿ ನಿಂತರು. ಅವರ ಕಚೇರಿಯ ಹುಡುಗಿ ಮರಳಿನ ಮೇಲೆ ಅಂಗಾತ ಮಲಗಿದ್ದಾಳೆ, ಗೌಂಡಿ ಕಾಗೆಗೆ ಕಲ್ಲು ಬೀರುತ್ತಿದ್ದಾನೆ.

"ಇದೇನವಾ, ಇಲ್ಲ್ಯಾಕ ಮಕ್ಕೊಂಡಿ?"

ಹೇಳಿದೆ. ಕೇಳಿ ಸಿಡಿದೆದ್ದು ಅಕ್ಕೋರ ಮಂಚದ ಹತ್ತಿರ ಹೋದರು. "ಹಂಗಲ್ರೀ ಅಕ್ಕೋರ. ಕಂಪ್ಯೂಟರ್ ತಪ್ಪ ಮಾಡೈತಿ ಅಂತ ನಾವೂ ತಪ್ಪ ಕಟ್ಟೂದೇನ್ರೀ? ಗ್ವಾಡಿ ಅರ್ಧಕ್ಕ ಬಿಟ್ರ ಸ್ಲ್ಯಾಬಿನ ಭಾರ ಹೊರಾವ್ರ ಯಾರು? ಮಳಿ ಹೊಡಿತೈತಿ, ಬಾವಲಿ ಬರತಾವ. ಜನ ನನಗ ಏನಂತಾರ?"

ಅಕ್ಕೋರು ಶಾಲೆಯ ಕನ್ನಡಕ್ಕೆ ಬಂದರು. "ಭಾರ ಹೊರೋದಕ್ಕೆ ಏನು ಬೇಕೋ ಹಾಕಿ, ಅದು ನಿಮ್ಮ ಕೆಲಸ. ಮಳೆಗೆ, ಬಾವಲಿಗೆ ಗಾಜು ಹಾಕಿ. ಗೋಡೆ ಮಾತ್ರ ಬೇಡ. ಜನ ಆ ಕೋಣೇಲಿ ಮಲಗೋದಿಲ್ಲ, ನಾನು ಮಲಗೋದು." ಆಮೇಲೆ ದನಿ ತಗ್ಗಿಸಿ, "ನೀವೂ ಹೋಗಿ ಒಮ್ಮೆ ಮಲಗಿ ನೋಡಿ. ಆಮೇಲೆ ಬೇಡ ಅಂದ್ರೆ ಮುಚ್ಚಿಬಿಡಿ" ಎಂದರು.

ಬಿಳಿ ಅಂಗಿಯ ಮನುಷ್ಯ. ಗೊಣಗುತ್ತಲೇ ಹೋಗಿ ಆ ಗೋಣಿಚೀಲದ ಮೇಲೆ ಮಲಗಿದರು. ಬಿಸಿಲು ಪಶ್ಚಿಮಕ್ಕೆ ಸರಿದಿತ್ತು. ಹಲಗೆಯ ಕೆಳಗಿನ ಸಂದಿನಿಂದ ಒಳಗೆ ಬಿದ್ದು ಎದುರಿನ ಗೋಡೆಯ ಮೇಲೆ ಓರೆ ಪಟ್ಟಿಯಾಗಿ ನಿಂತಿತ್ತು. ನೋಡುತ್ತಿದ್ದಂತೆ ಇಟ್ಟಿಗೆಯಿಂದ ಇಟ್ಟಿಗೆಗೆ ಏರುತ್ತಿತ್ತು. ನಾನು ಬಾಗಿಲಿನ ಜಾಗದಲ್ಲಿ ನಿಂತು ಉಗುರು ಕಚ್ಚುತ್ತಿದ್ದೆ. ಅವರು ಬೇಡವೆಂದರೆ ಮಾರನೆಯ ದಿನವೇ ಅಲ್ಲಿ ಇಟ್ಟಿಗೆ ಏರುತ್ತಿತ್ತು, ಅಕ್ಕೋರಿಗೆ ಉಳಿದ ಆಯುಷ್ಯವೆಲ್ಲ ಬಿಳಿ ಸುಣ್ಣವನ್ನು ನೋಡುವುದೇ ಆಗುತ್ತಿತ್ತು. ಇಂಜಿನಿಯರರು ಎದ್ದು ಬೆನ್ನಿನ ಮರಳು ಕೊಡವಿಕೊಂಡರು. ಅಕ್ಕೋರ ಕಡೆ ಹೋಗಲೇ ಇಲ್ಲ.

"ಆ ಎರಡೂ ಕಡೆ ಇಟ್ಟಿಗಿ ನಿಲ್ಲಸ್ರಿ" ಎಂದರು ಗೌಂಡಿಗಳಿಗೆ. ಶಿರಸಿಯವರೆಗೆ ಟೆಂಪೋದಲ್ಲಿ ನಮ್ಮ ಜೊತೆ ಕೂತು, ಭಾರ ಹೊರಲು ಸಂದಿನಲ್ಲಿ ಎಲ್ಲೆಲ್ಲಿ ಗಿಡ್ಡ ಕಂಬ ನಿಲ್ಲಿಸಬೇಕು, ಅಂಚಿನಲ್ಲಿ ಎಷ್ಟು ದಪ್ಪದ ತೊಲೆ ಬೇಕು ಎಂದು ಅಂಗೈ ಮೇಲೆ ಪೆನ್ನಿನಿಂದ ಬರೆಯುತ್ತಲೇ ಇದ್ದರು.

ಮಳೆ ಹಿಡಿಯುವ ಮೊದಲು ಚಾವಣಿಯಾಯಿತು. ಗಾಜು ಬಂತು. ಅಕ್ಕೋರನ್ನು ಹಾಸಿಗೆ ಸಮೇತ ಎತ್ತಿ ಹೊಸ ಕೋಣೆಗೆ ಒಯ್ದ ದಿನ ನಾನಿರಲಿಲ್ಲ. ಕಚೇರಿಗೆ ಫೋನು ಬಂತು. ಹಲೋ ಇಲ್ಲ, ಏನಿಲ್ಲ: "ಆತು." ಅಷ್ಟು ಹೇಳಿ ಇಟ್ಟುಬಿಟ್ಟರು.

ಅದಾಗಿ ಕೆಲವು ವರ್ಷ ಬದುಕಿದ್ದರು. ಅವರಿಗೆ ಸಮಾಧಾನ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸಮಾಧಾನದ ಜನವೇ ಅಲ್ಲ ಅದು. ಬೆರಳು ಬಡಿಯುವುದು ನಿಲ್ಲಲಿಲ್ಲ, ಗಾಜಿನ ಮೇಲೆ ಜೇಡ ಬಲೆ ಕಟ್ಟಿದರೆ ಮನೆಯವರನ್ನೆಲ್ಲ ಏಣಿ ಹತ್ತಿಸುತ್ತಿದ್ದರು, ಮೋಡವಿದ್ದ ದಿನ ಯಾರೊಡನೆಯೂ ಮಾತಿಲ್ಲ. ಆದರೆ ಚಾವಣಿ ಕೆಳಗಿಳಿಯುತ್ತಿದೆ ಎಂಬ ಮಾತು ಮತ್ತೆ ಬರಲಿಲ್ಲ. ಬಿಸಿಲಿನ ಪಟ್ಟಿ ಗೋಡೆಯ ಎಲ್ಲಿಗೆ ಬಂದಾಗ ಮಕ್ಕಳು ಶಾಲೆಗೆ ಹೊರಡಬೇಕು, ಎಲ್ಲಿಗೆ ಬಂದಾಗ ತಮಗೆ ಚಾ ಬರಬೇಕು, ಎಲ್ಲ ಗೊತ್ತು ಮಾಡಿಟ್ಟಿದ್ದರು. ನನ್ನ ಮದುವೆಯಾಗಿ ನಾನು ಯಲ್ಲಾಪುರಕ್ಕೆ ಹೋಗುವ ಮುಂಚೆ, ಚಳಿಗಾಲದಲ್ಲೊಮ್ಮೆ ನೋಡಲು ಹೋಗಿದ್ದೆ. ಪೂರ್ವದ ಬಿಸಿಲು ಎದುರಿನ ಗೋಡೆಯಿಂದ ಇಳಿದು ನೆಲಕ್ಕೆ ಬಂದು, ನಾವು ಮಾತಾಡುತ್ತಿದ್ದ ಹಾಗೆ ಮಂಚ ಹತ್ತಿ ಅವರ ಪಾದಗಳ ಮೇಲೆ ಬಂತು. ಹೊದಿಕೆ ಸರಿಸು ಎಂದರು. ಸರಿಸಿದೆ. ಬಿಳಿಚಿದ ಆ ಎರಡು ಪಾದಗಳು ಬಿಸಿಲಿನಲ್ಲಿ ಹೊಳೆದವು. ಎಡಗಾಲಿನ ಹಿಮ್ಮಡಿಯ ಹೊರ ಅಂಚಿನಲ್ಲಿ ಹಳೆಯ ಜಡ್ಡು ಇನ್ನೂ ಇತ್ತು.

"ಬಿಸಿ ಗೊತ್ತಾಗ್ತಿಲ್ಲೆ" ಎಂದರು. "ಆದ್ರೂ ಅದು ದಿನಾ ಬಂದು, ನಿನ್ನ ಕಾಲು ಇಲ್ಲಿದ್ದು ನೋಡು ಹೇಳಿ ತೋರ್ಸಿ ಹೋಗ್ತು."

ನಾನು ಅವರ ಕಾಲು ಮುಟ್ಟಿದೆ. ನಮಸ್ಕಾರಕ್ಕೆ ಎಂದಲ್ಲ, ಬೆಚ್ಚಗಿದೆಯೇ ನೋಡಲು. ಬೆಚ್ಚಗಿತ್ತು. ಹಾಗೆಂದು ಹೇಳಿದೆ. "ಖರೇ?" ಎಂದು ಕೇಳಿದರು. ಖರೇ ಅಕ್ಕೋರೇ ಎಂದೆ.

ಅವರು ಹೋದದ್ದೂ ಚಳಿಗಾಲದಲ್ಲೇ, ಬೆಳಗಿನ ಹೊತ್ತು. ಸುದ್ದಿ ಬಂದು ಯಲ್ಲಾಪುರದಿಂದ ಬಸ್ಸು ಬದಲಿಸಿ ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಮ್ಮನ ಹೆಂಡತಿ ನನ್ನನ್ನು ಆ ಕೋಣೆಗೆ ಕರೆದುಕೊಂಡು ಹೋಗಿ ಹೇಳಿದರು: "ಇಂದು ಇಬ್ಬನಿ ಜೋರಿತ್ತು. ಚಾ ತಂದ್ರೆ ಕುಡಿದಿದ್ದಿಲ್ಲೆ. ಗಾಜನ್ನೇ ನೋಡ್ತಾ, 'ಇಂದು ಎಂತಕ್ಕೆ ತಡ?' ಹೇಳಿ ಬೈತು ಅತ್ಗೆ. ಆನು ಲೋಟ ಇಟ್ಟು ಬಪ್ಪಷ್ಟರಲ್ಲಿ ಬಿಸಿಲೂ ಬಂದಿತ್ತು. ಅತ್ಗೆ ಇತ್ತಿಲ್ಲೆ."

ಶಾಲೆಗೆ ತಡವಾಗಿ ಬಂದವರನ್ನು ಅಕ್ಕೋರು ಬಾಗಿಲಲ್ಲೇ ನಿಲ್ಲಿಸಿ ಹಾಗೆಯೇ ಕೇಳುತ್ತಿದ್ದರು. ಖಾಲಿ ಮಂಚದ ಮೇಲೆ ಆಗ ಏನೂ ಇರಲಿಲ್ಲ. ಸಂಜೆಯ ಪಟ್ಟಿ ಎದುರಿನ ಗೋಡೆಯಲ್ಲಿ ಏರುತ್ತಿತ್ತು. ಅದು ಪೂರ್ತಿ ಹೋಗುವವರೆಗೆ ಅಲ್ಲಿಯೇ ಇದ್ದೆ, ಕುರ್ಚಿಯಿದ್ದರೂ ಕೂರಲಾಗಲಿಲ್ಲ.

ಈಗ ಯಲ್ಲಾಪುರದಲ್ಲಿ, ಹೆದ್ದಾರಿಯ ಪಕ್ಕ, ನನ್ನದೇ ಸಣ್ಣ ಕಚೇರಿಯಿದೆ. ಲಾರಿ ಹೋದಾಗಲೆಲ್ಲ ಮಾನಿಟರು ನಡುಗುತ್ತದೆ. ಪ್ರೋಗ್ರಾಮು ಹೊಸದು, ಬಹಳ ಜಾಣ. ಓರೆ ಮಾಡು ಎಳೆದರೆ ಸಾಕು, ಗೋಡೆಗಳನ್ನು ತಾನಾಗಿಯೇ ಮೇಲೆ ಎಳೆದು ಅದಕ್ಕೆ ಅಂಟಿಸಿಬಿಡುತ್ತದೆ, ಒಂದು ಕೂದಲೆಳೆ ಸಂದು ಬಿಡದೆ. ನಾನು ಪ್ರತಿ ಸಲವೂ ಅದನ್ನು ಬಿಡಿಸುತ್ತೇನೆ. ನೀಲಿ ಕಾಣುತ್ತದೆ. ಗಿರಾಕಿಗಳಲ್ಲಿ ಹೆಚ್ಚಿನವರು "ಅದೇನೋ ಬಿಟ್ಟುಹೋಗಿದೆ ನೋಡಿ" ಎನ್ನುತ್ತಾರೆ. ಅವರಿಗೆ ಮುಚ್ಚಿಯೇ ಕೊಡುತ್ತೇನೆ. ಕೆಲವರು ಸುಮ್ಮನೆ ನೋಡುತ್ತಾರೆ. ಆದರೆ ಅದೆಲ್ಲಕ್ಕಿಂತ ಮೊದಲು, ಮನೆಯೊಡೆಯ ಕೋಣೆಯ ಉದ್ದ ಅಗಲ ಹೇಳಲು ಬಾಯಿ ತೆರೆಯುವ ಮೊದಲೇ, ನಾನು ಕೇಳುವುದು ಒಂದೇ: ಅಲ್ಲಿ ಮಲಗುವವರು ಯಾರು, ತಲೆ ಯಾವ ಕಡೆ? ಗೆರೆ ಎಳೆಯುವುದು ಆಮೇಲೆ.